ಕಡಿಮೆ ದನಿಯ ಪ್ರಿಆಂಪ್

ನಳಿನಾಕ್ಷಿಯ ಮನೆಯಲ್ಲಿ ರೆಕಾರ್ಡ್ ಪ್ಲೇಯರಿನ ದನಿ ಏರಿಸುವ ಪ್ರಿಆಂಪ್ ಕೆಟ್ಟು ಎರಡು ವಾರವಾಗಿತ್ತು. ಅದಿಲ್ಲದೆ ಗಂಡನ ರೆಕಾರ್ಡುಗಳ ಹಾಡು ಪಿಸುಮಾತಿನಷ್ಟೇ ಕೇಳುತ್ತಿತ್ತು. ಹೊಸದನ್ನು ಕೊಳ್ಳಲು ಹೊರಟವನು ಅವಳನ್ನೂ ಅಂಗಡಿಗೆ ಕರೆತಂದಿದ್ದ. ಅವಳನ್ನು ಒಬ್ಬಳೇ ಮನೆಯಲ್ಲಿ ಬಿಟ್ಟು ಬರುವ ರೂಢಿ ಅವನಿಗಿರಲಿಲ್ಲ.

ಅಂಗಡಿಯವರು ಅಂಗೈಯಗಲದ ಪೆಟ್ಟಿಗೆಯೊಂದನ್ನು ಮುಂದಿಟ್ಟರು. "ರೇಟೂ ಕಮ್ಮಿ, ಬೇಕಾದ ಹಾಗೆ ಅಡ್ಜಸ್ಟೂ ಮಾಡ್ಕೋಬಹುದು. ತಳದಲ್ಲಿರೋ ಈ ಸ್ವಿಚ್ ಜರುಗಿಸಿದ್ರೆ ದನಿ ಚೆನ್ನಾಗಿ ಏರುತ್ತೆ ಸರ್."

"ಇದನ್ನೇ ಕೊಡಿ" ಎಂದ ಗಂಡ. ಅಷ್ಟರಲ್ಲಿ ಫೋನ್ ಬಂದು ಬಾಗಿಲಾಚೆ ಹೋದ. ಗಾಜಿನ ಆ ಕಡೆಯಿಂದಲೂ ಅವಳನ್ನೇ ನೋಡುತ್ತಿದ್ದ.

ಅವಳು ತಲೆ ಎತ್ತದೆ ಕೇಳಿದಳು. "ಈ ಸ್ವಿಚ್ಚು ಕಮ್ಮಿ ದನಿಯಲ್ಲೇ ಇರೋ ಹಾಗೆ, ಅಲ್ಲಾಡದ ಹಾಗೆ ಮಾಡಿಕೊಡೋಕಾಗುತ್ತಾ?"

"ಆಗುತ್ತೆ. ಆದ್ರೆ ಯಾರೂ ಹಾಗೆ ಕೇಳಲ್ಲ. ಯಾಕಮ್ಮ, ಹಾಡು ಅಂದ್ರೆ ಆಗಲ್ವಾ ನಿಮಗೆ?"

"ತುಂಬಾ ಇಷ್ಟ."

ಗಂಡ ಫೋನನ್ನು ಜೇಬಿಗಿಟ್ಟು ಬಾಗಿಲಿಗೆ ಕೈ ಹಾಕಿದ. ಅವಳು ಬೇಗಬೇಗ ಹೇಳಿದಳು.

"ಪಕ್ಕದ ಮನೆಗೆ ನನ್ನ ಕೂಗು ಕೇಳ್ಸುತ್ತೆ ಅಂತ, ಜೋರಾಗಿ ಹಾಡು ಹಾಕದೆ ನಮ್ಮನೆಯವರು ನನಗೆ ಹೊಡೆಯಲ್ಲ."