ವಜ್ರಕೀರ್ತಿಯ ಸಾವು

ರಾಜ ವಜ್ರಕೀರ್ತಿಯನ್ನು ಕೊಂದವನು ನಂಜನಗೂಡಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುವ ಮಂಟೇಸ್ವಾಮಿ. ಕತ್ತಿಯಿಂದಲ್ಲ, ಸೀಸದ ಅಚ್ಚುಮೊಳೆಗಳಿಂದ. ಒಂದು ಸೋಮವಾರ ಮಧ್ಯಾಹ್ನ, ಮಾಲೀಕ ಮಾದಪ್ಪ ಊಟಕ್ಕೆ ಹೋಗಿದ್ದಾಗ.

ಆ ಪ್ರೆಸ್ಸಿನಿಂದ ಹೊರಡುವ ವಾರಪತ್ರಿಕೆಗೆ ಕಳಲೆಯ ಅಮೃತೇಶ್ ಮೇಷ್ಟ್ರು ಬರೆಯುತ್ತಿದ್ದ ಧಾರಾವಾಹಿಯ ನಾಯಕ ಈ ವಜ್ರಕೀರ್ತಿ. ಹಾರುವ ಹುಲಿಗಳ ನಾಡಿನ ದೊರೆ. ಕೊಟ್ಟ ಮಾತಿಗೆ ತಪ್ಪದವನು, ಆದರೆ ರಾಜಕೀಯದ ಗಂಧಗಾಳಿ ಇಲ್ಲದವನು. ಯಾರು ಕೈಮುಗಿದರೂ ನಂಬುವ ಬೆಪ್ಪ. ಆ ಬೆಪ್ಪನಿಗಾಗಿ ತಾಲ್ಲೂಕೆಲ್ಲ ಕಣ್ಣೀರಿಡುತ್ತಿತ್ತು, ಮಂಟೇಸ್ವಾಮಿಯ ಹೆಂಡತಿ ರಾಣಿಯೂ ಸೇರಿ. ಮಂಟೇಸ್ವಾಮಿಯೇನು ಕಡಿಮೆಯೇ? ಹನ್ನೆರಡು ವರ್ಷದಿಂದ ಅವನೂ ಒಬ್ಬ ರಾಜನ ಕಥೆ ಬರೆಯುತ್ತಿದ್ದ. ಅವನ ರಾಜ ಮಹಾ ಚಾಲಾಕಿ, ಯಾರಿಗೂ ಮೋಸಹೋಗದವನು. ಮಾದಪ್ಪ ನಾಲ್ಕು ಪುಟ ಓದಿ ಆಕಳಿಸಿ ವಾಪಸು ಕೊಟ್ಟಿದ್ದ. ಅಂಥವನು ವಾರವಾರ ಮೇಷ್ಟ್ರ ಅಕ್ಷರವನ್ನು ತನ್ನ ಕೈಯಾರೆ ಜೋಡಿಸಬೇಕೆಂದರೆ ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ?

ಆ ವಾರದ ಕಂತಿನಲ್ಲಿ ಶತ್ರು ಸಂಧಿಯ ನೆಪ ಹೇಳಿ ಕೋಟೆ ಬಾಗಿಲಲ್ಲಿ ನಿಂತಿದ್ದ. ಮೇಷ್ಟ್ರು ಬರೆದಂತೆ ರಾಜ ಕೊನೆಗೂ ಬುದ್ಧಿ ಕಲಿತು, ಬಾಗಿಲು ತೆಗೆಯದೆ ಬದುಕಿಕೊಳ್ಳುತ್ತಾನೆ. ಮಂಟೇಸ್ವಾಮಿ ಬಾಗಿಲು ತೆಗೆಸಿದ. ‘ಅವನು ಮಾತು ಮುರಿದರೆ ತಪ್ಪು ಅವನದು, ನಾನು ಅನುಮಾನಪಟ್ಟರೆ ತಪ್ಪು ನನ್ನದು’ ಎಂದು ರಾಜನಿಂದ ಆಡಿಸಿ, ಎದೆಗೆ ಈಟಿ ಹಾಕಿಸಿದ. ಓದುಗರು ಮೇಷ್ಟ್ರಿಗೆ ಛೀಮಾರಿ ಹಾಕಲಿ ಎಂಬುದೇ ಅವನ ಆಸೆ. ಪ್ರೂಫ್ ನೋಡುವವನೂ ತಾನೇ, ಕೇಳುವವರು ಯಾರು?

ಆದದ್ದೇ ಬೇರೆ. ತಾಂಡ್ಯದ ಕಾರ್ಖಾನೆಗಳ ಕಾರ್ಮಿಕರಿಂದ ಹಿಡಿದು ಟಿ. ನರಸೀಪುರದ ಅಂಗಡಿಯವರವರೆಗೆ ಕಾಗದದ ಮೇಲೆ ಕಾಗದ. ಇಂಥ ಸಾವು ಬರೆಯಲು ಅಮೃತೇಶರೇ ಬೇಕಂತೆ. ಮಂಟೇಸ್ವಾಮಿ ಅವನ್ನೆಲ್ಲ ಓದಿ ಹಲ್ಲು ಕಡಿದ.

ಶನಿವಾರ ಮೇಷ್ಟ್ರು ಸೈಕಲ್ ನಿಲ್ಲಿಸಿ ಒಳಗೆ ಬಂದರು.

“ಬಾಗ್ಲು ತೆಗೆಸಿದ್ದು ನೀವೇ ತಾನೆ, ಮಂಟೇಸ್ವಾಮಿ?”

ಕೆಲಸ ಹೋಯಿತು ಅಂದುಕೊಂಡ. “ತಪ್ಪಾಯ್ತು ಮೇಷ್ಟ್ರೇ.”

“ತಪ್ಪೇನು ಬಂತು? ನನ್ನ ರಾಜ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮಗೆ ಬಂದ ಹೊಗಳಿಕೇನ ನಾನಿಟ್ಕೊಂಡ್ರೆ ನಿದ್ದೆ ಹತ್ತಲ್ಲ. ಮಾದಪ್ಪನವರಿಗೂ ಹೇಳಿದೀನಿ, ಬೈಯಲ್ಲ. ಇದನ್ನ ಈ ವಾರ ಹಾಕಿ.”

ಕೊಟ್ಟ ಚೀಟಿಯಲ್ಲಿ ಮೂರು ಸಾಲು. ‘ವಜ್ರಕೀರ್ತಿಯ ಸಾವು ನನ್ನ ಕಲ್ಪನೆಯಲ್ಲ. ಅದನ್ನು ಬರೆದವರು ಮಂಟೇಸ್ವಾಮಿ. ನನ್ನಿಂದ ಅಷ್ಟು ಚೆನ್ನಾಗಿ ಬರೆಯಲು ಆಗುತ್ತಿರಲಿಲ್ಲ.’

ಹನ್ನೆರಡು ವರ್ಷ ಕಾದದ್ದು ಅಂಗೈಯಲ್ಲಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ದಡ್ಡನೇ ತಾನು? ಮಂಟೇಸ್ವಾಮಿಯ ಬೆರಳು ಸರಸರನೆ ಓಡಿತು, ತನ್ನ ಹೆಸರನ್ನು ಎರಡು ಸಲ ಸವರಿ ನೋಡಿದ. ಮೂರನೆಯ ಸಾಲಿಗೆ ಬಂದಾಗ ಕೈ ನಿಂತಿತು. ಇದನ್ನು ಓದಿದವರು ತನ್ನನ್ನು ಒಂದು ದಿನ ನೆನೆದಾರು. ಮೇಷ್ಟ್ರ ದೊಡ್ಡ ಮನಸ್ಸನ್ನು ಹತ್ತು ವರ್ಷ ಕೊಂಡಾಡಿಯಾರು. ಮನೆಯಲ್ಲಿ ರಾಣಿಯೇ ಮೊದಲು ಶುರು ಮಾಡಿಯಾಳು.

ಸಂಜೆ ಮಾದಪ್ಪ ಪುಟ ನೋಡಿ ಕೇಳಿದ. “ಮೇಷ್ಟ್ರ ಚೀಟಿ ಎಲ್ಲೋಯ್ತ್ಲಾ?”

“ಜಾಗ ಸಾಲ್ನಿಲ್ಲ ಸಾ,” ಎಂದ ಮಂಟೇಸ್ವಾಮಿ. ಆ ಜಾಗದಲ್ಲಿ ‘ರಸಬಾಳೆ ಕಂದು ಮಾರಾಟಕ್ಕಿದೆ’ ಎಂಬ ಜಾಹೀರಾತು ಕೂತಿತ್ತು. ಅವನು ತನ್ನ ಹೆಸರಿನ ಮೊಳೆಗಳನ್ನು ಒಂದೊಂದಾಗಿ ಬಿಚ್ಚಿ ಅವುಗಳ ಗೂಡಿಗೆ ಹಾಕುತ್ತಿದ್ದ.