ಕುಂಬಾರ ಹುಳದ ಗೂಡು

ಅಮ್ಮ ತೀರಿಕೊಂಡ ಮೇಲೆ ಪಾತ್ರೆಗಳನ್ನು ಕಟ್ಟಿಡುವಾಗ ಅವಳ ದೋಸೆ ಸಟ್ಟುಗ ಸಿಕ್ಕಿದೆ. ಅದರ ಒಂದು ಮೂಲೆ ಈಗಲೂ ಸೊಟ್ಟಗಿದೆ.

ಆಗ ನಾವು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟೊಂದರಲ್ಲಿದ್ದೆವು. ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡು ಅಮ್ಮ ಆಸ್ಪತ್ರೆಯಿಂದ ಬಂದು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ, ಭೂಕಂಪಕ್ಕೆ ಗೋಡೆ ಬಿರಿದಿದ್ದ ಕಡೆ, ಸೂಜಿಯಂಥ ಸೊಂಟದ ಕಪ್ಪು ಹುಳವೊಂದು ತನ್ನ ಒಣಗಿದ ಗೂಡಿನ ಪಕ್ಕ ಹಸಿ ಮಣ್ಣು ಮೆತ್ತುತ್ತಿತ್ತು. ಅಂಥದ್ದನ್ನು ನಾನು ನೋಡಿರಲಿಲ್ಲ. ಪಕ್ಕದ ಮನೆಯ ರಮೀಲಾಬೆನ್, "ಭಮರಿ ಹೈ, ಕಾಟೇಗೀ," ಎಂದು ನನ್ನನ್ನು ಹಿಂದಕ್ಕೆಳೆದರು.

ಊರಿಂದ ಬಂದಿದ್ದ ಅಪ್ಪನ ತಾಯಿ ಕನ್ನಡಕ ಹಾಕಿಕೊಂಡು ನೋಡಿದರು. "ಸುಮ್ನಿದ್ರೆ ಕಚ್ಚಲ್ಲ ಕಣೆ. ಇದು ಕುಂಬಾರ ಹುಳ. ಇದು ಗೂಡು ಕಟ್ಟಿದ ಮನೇಲಿ ಮಗು ಹುಟ್ಟುತ್ತೆ." ಆಮೇಲೆ ಅಡುಗೆಮನೆಯತ್ತ ತಿರುಗಿ, "ಪಾಪ, ಯಾರ ಮನೆಗೆ ಬಂದಿದೀನಿ ಅಂತ ಅದಕ್ಕೇನು ಗೊತ್ತು," ಎಂದರು.

ಅಜ್ಜಿಗೆ ನಿದ್ದೆ ಹತ್ತಿದ ಮೇಲೆ ಅಮ್ಮ ಸ್ಟೂಲ್ ಹತ್ತಿ, ಸಟ್ಟುಗದಿಂದ ಗೂಡನ್ನು ಕೆರೆಯತೊಡಗಿದಳು. ಸಟ್ಟುಗದ ಮೂಲೆ ಬಾಗಿದರೂ ಬಿಡಲಿಲ್ಲ. ನೆಲಕ್ಕೆ ಉದುರಿದ ಮಣ್ಣಿನಲ್ಲಿ ಅಕ್ಕಿಕಾಳಿನಂಥ ಬಿಳಿ ಮರಿಯೊಂದು ಬಿದ್ದಿತ್ತು.

"ಸತ್ತುಹೋಯ್ತಾ ಅಮ್ಮಾ?"

"ಹುಟ್ಟೇ ಇರಲಿಲ್ಲವಲ್ಲ ಪುಟ್ಟಿ. ಅಂಥದ್ದನ್ನ ಸತ್ತಿತು ಅನ್ನಬಾರದಂತೆ."

ಅಷ್ಟರಲ್ಲಿ ಹುಳ ಬಾಯಲ್ಲಿ ಮಣ್ಣುಂಡೆ ಹಿಡಿದು ಕಿಟಕಿಯಿಂದ ಬಂತು. ಬೋಳು ಗೋಡೆಯ ಮುಂದೆ ಸುತ್ತುತ್ತಲೇ ಇತ್ತು. ಅಮ್ಮ ಅದನ್ನು ಓಡಿಸಲಿಲ್ಲ. ಅಜ್ಜಿ ಎದ್ದು ಕಾಫಿ ಕೇಳುವವರೆಗೂ ಸ್ಟೂಲಿನ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದಳು.