ಮಾದರಿ ಗಾಜಿನ ಮೂರು ಗೆರೆ

"ಹನ್ನೊಂದು!" ಎಂದು ಏಕಾಂತಯ್ಯ ಮಸೂರವನ್ನು ಕೆಂಪು ಡಬ್ಬಿಗೆ ಹಾಕಿ, ರಿಜೆಕ್ಟ್ ಚೀಟಿಯಲ್ಲಿ 'ಕಾರಣ' ಎಂಬಲ್ಲಿ 'ಕೆಲಸಗಾರರ ನಿರ್ಲಕ್ಷ್ಯ' ಎಂದು ಬರೆದ.

ತುಮಕೂರಿನ ಆ ಬೈನಾಕ್ಯುಲರ್ ಲೆನ್ಸ್ ಕಾರ್ಖಾನೆಗೆ ಅವನೇ ಪರೀಕ್ಷಕ. ಎಪ್ಪತ್ತಾರನೇ ಇಸವಿಯ ಬಿ.ಎಸ್ಸಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮೈಕ್ರಾನ್. ಎದುರಿಗೆ ನಿಂತ ಹನುಮಮ್ಮ ಪಾಲಿಶ್ ಮಾಡುವವಳು, ದಿನಾ ಗುಬ್ಬಿಯಿಂದ ಬರುವವಳು. ದೊಡ್ಡ ಅಳತೆಯ ಮಸೂರ ಮಾಡುವವಳು ಅವಳೊಬ್ಬಳೇ. ಹತ್ತು ದಿನದಿಂದ ಒಂದೂ ಪಾಸಾಗಿಲ್ಲ. ಇವತ್ತಿನ ಡಜನ್ನೂ ಹೋದರೆ ನಾಳೆಯಿಂದ ಬರಬೇಡ ಎಂದು ಮಾಲೀಕ ಶಿವರಾಮಯ್ಯ ಹೇಳಿಬಿಟ್ಟಿದ್ದರು. ಉಳಿದದ್ದು ಒಂದೇ.

ಏಕಾಂತಯ್ಯ ಅದನ್ನು ಹಳದಿ ದೀಪದ ಕೆಳಗಿಟ್ಟು, ಆ ದೊಡ್ಡ ಅಳತೆಯನ್ನು ಹೋಲಿಸಿ ನೋಡಲೆಂದೇ ಇದ್ದ ಮಾದರಿ ಗಾಜನ್ನು ಅದರ ಮೇಲೆ ದೇವರಿಗೆ ಹೂ ಇಡುವ ಹಾಗೆ ಇಳಿಸಿದ. ಎರಡು ಗಾಜಿನ ನಡುವೆ ಕಪ್ಪು ಉಂಗುರಗಳು ಮೂಡಿದವು. ಉಂಗುರ ದುಂಡಗಿದ್ದರೆ ಮಸೂರದ ಮೈ ಸರಿ. ದುಂಡಗೇ ಇದ್ದವು. ಆದರೆ ಅವುಗಳಿಗೆ ಅಡ್ಡಲಾಗಿ ಮತ್ತದೇ ಮೂರು ಸಣ್ಣ ಗೀರು.

"ಮಸೂರ ಉಜ್ತೀಯೋ, ಮುದ್ದೆ ತಪ್ಪಲೆ ಉಜ್ತೀಯೋ?"

"ಸಾ, ನನ್ ಮಿಷಿನ್ನು ರಾಗಿಕಲ್ಲಿನಂಗೆ ಸುತ್ತತದೆ. ಗೀರಿದ್ರೂ ಗುಂಡಗೆ ಗೀರ್ಬೇಕಲ್ವಾ? ನೆಟ್ಟಗೆ ಎಳೆಯಾಕೆ ನಾನೇನು ಸ್ಕೇಲ್ ಇಟ್ಕಂಡು ಕೂತಿದ್ನಾ?"

"ಬಿ.ಎಸ್ಸಿ. ಓದಿರೋದು ನಾನಾ, ನೀನಾ?"

"ನೀವೇ ಬುಡಿ. ಮೇಲಿನ ಗಾಜು ಎತ್ತಿ, ಕೆಳಗಿನ ಮಸೂರಾನ ಕಾಲು ಸುತ್ತು ತಿರುಗ್ಸಿ, ಮತ್ತೆ ಮೊದ್ಲು ಹೆಂಗಿತ್ತೋ ಹಂಗೇ ಮುಚ್ಚಿ. ಗೆರೆ ನನ್ದಾದ್ರೆ ಅದೂ ತಿರುಗ್ಬೇಕು."

ಅವಳ ಬಾಯಿ ಮುಚ್ಚಿಸಲೆಂದೇ ಏಕಾಂತಯ್ಯ ಹಾಗೆ ಮಾಡಿದ. ಗೆರೆ ಕದಲಲಿಲ್ಲ. ಇನ್ನೊಂದು ಸಲ ತಿರುಗಿಸಿದ. ಇದ್ದಲ್ಲೇ ಇದ್ದವು. ಕೊನೆಗೆ ಮಾದರಿ ಗಾಜನ್ನೇ ಎತ್ತಿ ಬೆಳಕಿಗೆ ಹಿಡಿದ. ಮೂರೂ ಅದರ ಜೊತೆಗೇ ಎದ್ದು ಬಂದವು.

"ಇದನ್ನ ನನ್ನ ಬಿಟ್ಟು ಯಾರೂ ಮುಟ್ಟಲ್ವಲ್ಲ!"

"ಅದನ್ನೇ ಸಾ ನಾನೂ ಹೇಳ್ತಿರೋದು. ಹತ್ತು ದಿನದ ಹಿಂದೆ ಆಯುಧಪೂಜೇಲಿ ಮಣೆ ಮೇಲಿಟ್ಟಿದ್ದು ಇದೇ ಗಾಜಲ್ವಾ? ಆ ಮರಳು ಮರಳು ವಿಭೂತೀನ ಮೂರು ಬೆಳ್ಳಲ್ಲಿ ಒತ್ತಿ ಎಳೆದಿದ್ದು ಯಾರು?"

ಏಕಾಂತಯ್ಯನ ಕೈ ತಾನಾಗಿ ಹಣೆಗೆ ಹೋಗಿ, ಮೂರು ಬೆರಳ ಅಗಲವನ್ನು ಮುಟ್ಟಿ ನೋಡಿ, ಕೆಳಗಿಳಿಯಿತು. ಕೆಂಪು ಡಬ್ಬಿಯ ಹನ್ನೊಂದನ್ನೂ ಒಂದೊಂದಾಗಿ ತೆಗೆದು ಬಿಳಿ ಟ್ರೇಯಲ್ಲಿಟ್ಟ, ಹನ್ನೆರಡನೆಯದನ್ನೂ ಇಟ್ಟ. ಮಾದರಿ ಗಾಜು ಕೆಂಪು ಡಬ್ಬಿಗೆ ಹೋಯಿತು. ಹೊಸ ಚೀಟಿ ಹರಿದುಕೊಂಡ. ಪೆನ್ನು 'ಕಾರಣ' ಎಂಬಲ್ಲಿಗೆ ಬಂದು ನಿಂತಿತು.

"ಭಕ್ತಿ ಅಂತ ಬರೀರಿ ಸಾ," ಎಂದಳು ಹನುಮಮ್ಮ.